ಅಂಗಡಿಯೊಳಗೆ ಮಾಸ್ಕ್ ಹಾಕಲ್ಲ ಅನ್ನೋ ಹಕ್ಕು ನನಗಿಲ್ವಾ?

ಪ್ರಶ್ನೆ: ಡಾಕ್ಟ್ರೇ, ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ವಯಸ್ಸು ಐವತ್ತು ದಾಟಿದೆ. ಚಿಕ್ಕಂದಿನಿಂದಲೂ ದಮ್ಮು ಇದೆ. 2020ರ ಆಗಸ್ಟ್‌ನಲ್ಲಿ, ಕೋವಿಡ್ ಸಮಯದ ಗೌರಿ ಹಬ್ಬಕ್ಕೆ ಮುಂಚೆ, ಶಿವಮೊಗ್ಗದ ಒಂದು ದೊಡ್ಡ ಬಟ್ಟೆ ಅಂಗಡಿಗೆ ಮನೆಯವರ ಜೊತೆ ಹೋಗಿದ್ದೆ. ಮಾಸ್ಕ್ ಹಾಕಿಲ್ಲ ಅಂತ ಬಾಗಿಲಲ್ಲೇ ತಡೆದರು. ಹಾಕಿಕೊಂಡರೆ ಉಸಿರು ಕಟ್ಟುತ್ತದೆ ಅಂದರೂ ಕೇಳಲಿಲ್ಲ. ಅಷ್ಟು ಜನರ ಎದುರು ಹೊರಗೆ ಕಳಿಸಿದರು. ನನಗೆ ಜ್ವರ ಇರಲಿಲ್ಲ, ಕೆಮ್ಮೂ ಇರಲಿಲ್ಲ. ಲಸಿಕೆ ವಿಷಯದಲ್ಲಿ ಯಾರನ್ನೂ ಬಲವಂತ ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಮಾಸ್ಕಿನಿಂದ ಉಪಯೋಗ ಇಲ್ಲ ಅಂತ ಆಮೇಲೆ ಸಂಶೋಧನೆಯೂ ಬಂತಂತೆ. ನನ್ನ ಮೂಗು, ನನ್ನ ಬಾಯಿ. ನಾಳೆ ಮತ್ತೆ ಅಂಥದ್ದೇ ಕಾಯಿಲೆ ಬಂದರೆ ನಾನು ಇದನ್ನೆಲ್ಲ ಒಪ್ಪಬೇಕಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಮಾಸ್ಕ್ ಹಾಕದೇ ಇರುವ ಹಕ್ಕು ನಿಮಗೆ ಇದೆ. ಆದರೆ ಊರಲ್ಲಿ ಕಾಯಿಲೆ ಹಬ್ಬುತ್ತಿರುವಾಗ, ಬಾಗಿಲು ಕಿಟಕಿ ಮುಚ್ಚಿ ಏಸಿ ಹಾಕಿದ ಅಂಗಡಿಯೊಳಗೆ ಬರಿ ಮುಖದಲ್ಲಿ ಬರುವ ಹಕ್ಕು ಇಲ್ಲ. ಹಾಗಂತ ನಿಮ್ಮನ್ನು ಹೊರಗೆ ಕಳಿಸಿ ಕೈ ತೊಳೆದುಕೊಳ್ಳುವ ಹಕ್ಕು ಅಂಗಡಿಯವರಿಗೂ ಇರಲಿಲ್ಲ. ನಿಮಗೊಂದು ಬೇರೆ ದಾರಿ ಮಾಡಿಕೊಡಬೇಕಿತ್ತು. ಅದು ಆಗಲಿಲ್ಲ. ನಿಮ್ಮ ಪ್ರಶ್ನೆಯಲ್ಲಿ ನನಗೆ ಕಾಣುವ ನಿಜವಾದ ನೋವು ಅಲ್ಲಿದೆ, ಮತ್ತು ಅದು ನ್ಯಾಯವಾದ ನೋವು.

ಈಗ ಯಾಕೆ ಹೀಗೆ ಹೇಳುತ್ತಿದ್ದೇನೆ ಅಂತ ನೋಡೋಣ.

ನಮ್ಮ ಜಿಲ್ಲೆಯವರಿಗೆ ಇದನ್ನು ಮಂಗನ ಕಾಯಿಲೆ ಇಟ್ಟುಕೊಂಡು ಹೇಳುವುದು ಸುಲಭ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಅದನ್ನು ಮೊದಲು ಗುರುತಿಸಿದ್ದು. ಪ್ರಪಂಚದ ಪುಸ್ತಕಗಳಲ್ಲೆಲ್ಲ ಅದಕ್ಕೆ ಆ ಊರಿನದೇ ಹೆಸರು. 2019ರಲ್ಲಿ ಸಾಗರದ ಅರಳಗೋಡು ಕಡೆ ಅದು ಏನು ಮಾಡಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕಾಡಿಗೆ ಸೌದೆಗೋ ದರಗಿಗೋ ಹೋಗುವವರಿಗೆ ಆ ಕಾಯಿಲೆ ಹರಡುವ ಉಣುಗು ಕಚ್ಚದ ಹಾಗೆ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ ಅಂತ ಆರೋಗ್ಯ ಇಲಾಖೆಯವರು ಹೇಳುತ್ತಾರೆ, ಬಾಟಲಿಯನ್ನೂ ಕೊಡುತ್ತಾರೆ. ನೀವು ಹಚ್ಚಿಕೊಳ್ಳಲಿಲ್ಲ ಅಂತ ಇಟ್ಟುಕೊಳ್ಳಿ. ಉಣುಗು ಕಚ್ಚುವುದು ನಿಮಗೆ. ಜ್ವರ ಬರುವುದೂ ನಿಮಗೆ. ಆ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಹಾಗಾಗಿ ಎಣ್ಣೆ ಹಚ್ಚಿಲ್ಲ ಅಂತ ಯಾವ ಅಂಗಡಿಯವರೂ ನಿಮ್ಮನ್ನು ತಡೆಯುವ ಹಾಗಿಲ್ಲ. ನಾನು ಡಾಕ್ಟರಾಗಿ ಬುದ್ಧಿ ಹೇಳಬಹುದು, ಬೇಜಾರು ಮಾಡಿಕೊಳ್ಳಬಹುದು, ಅಷ್ಟೇ. ಅಲ್ಲಿ "ನನ್ನ ಮೈ, ನನ್ನ ಇಷ್ಟ" ಅನ್ನುವ ಮಾತು ಪೂರ್ತಿ ಸರಿ.

ಕೋವಿಡ್ ಹಾಗಲ್ಲ. ಅದು ನಾವು ಬಿಡುವ ಉಸಿರಿನಲ್ಲಿ, ಮಾತಾಡುವಾಗ ಹಾರುವ ಸಣ್ಣ ಹನಿಗಳಲ್ಲಿ ಹರಡುತ್ತಿತ್ತು. ದೊಡ್ಡ ಹನಿ ಬೇಗ ಕೆಳಗೆ ಬೀಳುತ್ತದೆ. ತೀರಾ ಸಣ್ಣವು ಗಾಳಿಯಾಡದ ಕೋಣೆಯಲ್ಲಿ ತುಂಬಾ ಹೊತ್ತು ತೇಲಿಕೊಂಡೇ ಇರುತ್ತವೆ. ಇನ್ನೊಂದು ವಿಷಯ, ಮತ್ತು ನಿಮ್ಮ ವಾದಕ್ಕೆ ಇದೇ ಮುಖ್ಯ: ಜ್ವರ, ಕೆಮ್ಮು ಶುರುವಾಗುವುದಕ್ಕೆ ಒಂದೆರಡು ದಿನ ಮೊದಲೇ ಜನ ಅದನ್ನು ಹರಡುತ್ತಿದ್ದರು. ಕೆಲವರಿಗೆ ಕೊನೆತನಕ ಏನೂ ಗೊತ್ತೇ ಆಗಲಿಲ್ಲ. ಆ ದಿನ ನೀವು ಚೆನ್ನಾಗಿದ್ದಿರಿ ಅನ್ನುವುದನ್ನು ನಾನು ನಂಬುತ್ತೇನೆ. ಆದರೆ ಆ ಬಾಗಿಲಲ್ಲಿ ನಿಂತವರಿಗೆ, ಅಷ್ಟೇ ಯಾಕೆ ನಿಮಗೂ, ಅದನ್ನು ಖಚಿತ ಮಾಡಿಕೊಳ್ಳಲು ಯಾವ ದಾರಿಯೂ ಇರಲಿಲ್ಲ. ಹಣೆಗೆ ಹಿಡಿಯುತ್ತಿದ್ದ ಆ ಜ್ವರದ ಗನ್ನು ಇದನ್ನೆಲ್ಲ ಹಿಡಿಯುತ್ತಿರಲಿಲ್ಲ.

ಆ ಅಂಗಡಿಯಲ್ಲಿ ಯಾರಿದ್ದರು ಅಂತಲೂ ಸ್ವಲ್ಪ ಯೋಚನೆ ಮಾಡಿ. ನೀವು ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ ಇದ್ದು ಹೊರಟುಬಿಡುತ್ತಿದ್ದಿರಿ. ಸೀರೆ ಬಿಚ್ಚಿ ತೋರಿಸುವ ಹುಡುಗಿ ಬೆಳಗ್ಗೆಯಿಂದ ರಾತ್ರಿವರೆಗೆ ಅಲ್ಲೇ ನಿಂತಿರುತ್ತಾಳೆ. ಬಂದವರೆಲ್ಲರ ಉಸಿರೂ ಅವಳ ಪಾಲಿಗೆ. ಅವಳು ಭದ್ರಾವತಿಯಿಂದಲೋ ಆಯನೂರಿನಿಂದಲೋ ಬಸ್ಸಿನಲ್ಲಿ ಬಂದವಳು, ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಪ್ಪನೋ ವಯಸ್ಸಾದ ಅಜ್ಜಿಯೋ ಇರುತ್ತಾರೆ, ಮತ್ತು ಆಗಸ್ಟ್ 2020ರಲ್ಲಿ ನಮ್ಮ ದೇಶದಲ್ಲಿ ಯಾರಿಗೂ ಲಸಿಕೆ ಸಿಕ್ಕಿರಲಿಲ್ಲ, ಅದು ಶುರುವಾಗಿದ್ದು 2021ರ ಜನವರಿ 16ಕ್ಕೆ. "ನೀವು ಮಾಸ್ಕ್ ಹಾಕಿಲ್ಲ, ನಾನು ನಿಮಗೆ ಸೀರೆ ತೋರಿಸಲ್ಲ" ಅಂತ ಹೇಳುವ ಸ್ವಾತಂತ್ರ್ಯ ಅವಳಿಗೆ ಇತ್ತಾ? ಹೇಳಿದ್ದರೆ ಮಾರನೇ ದಿನ ಕೆಲಸ ಇರುತ್ತಿರಲಿಲ್ಲ. ನಿಮಗೆ ಆ ಅಂಗಡಿ ಬಿಟ್ಟು ಬೇರೆ ಅಂಗಡಿ ಇತ್ತು. ಹಬ್ಬಕ್ಕೆ ಹಳೆ ಪಂಚೆ ಉಟ್ಟರೂ ನಡೆಯುತ್ತಿತ್ತು. ಅವಳಿಗೆ ಬೇರೆ ದಾರಿ ಇರಲಿಲ್ಲ. ನಿಯಮ ಇದ್ದದ್ದು ಅವಳ ಪರವಾಗಿ "ಬೇಡ" ಅನ್ನುವುದಕ್ಕೆ. ಹಕ್ಕಿನ ಮಾತು ಬಂದಾಗಲೆಲ್ಲ ಒಳಗೆ ಬರುವವರ ಹಕ್ಕನ್ನೇ ಎಲ್ಲರೂ ಎತ್ತುತ್ತಾರೆ. ಒಳಗೇ ಇರಬೇಕಾದವರ ಹಕ್ಕನ್ನು ಯಾರೂ ಕೇಳುವುದಿಲ್ಲ. ನನಗೆ ಇದರಲ್ಲಿ ತುಂಬಾ ಬೇಜಾರಾಗುವುದು ಇದೇ.

ಇನ್ನು "ಉಪಯೋಗ ಇಲ್ಲ ಅಂತ ಸಂಶೋಧನೆ ಬಂತು" ಅನ್ನುವ ಮಾತು. ಇದರಲ್ಲಿ ಸ್ವಲ್ಪ ನಿಜ ಇದೆ, ಜಾಸ್ತಿ ಗೊಂದಲ ಇದೆ. ಬಿಡಿಸಿ ಹೇಳುತ್ತೇನೆ.

ಶುರುವಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಆರೋಗ್ಯವಾಗಿರುವ ಸಾಮಾನ್ಯ ಜನರಿಗೆ ಮಾಸ್ಕ್ ಬೇಕಾಗಿಲ್ಲ ಅನ್ನುತ್ತಿತ್ತು. 2020ರ ಜೂನ್ 5ಕ್ಕೆ ಮಾತು ಬದಲಾಯಿಸಿತು. ಅಷ್ಟರಲ್ಲಾಗಲೇ ನಮ್ಮ ದೇಶದಲ್ಲಿ ಏಪ್ರಿಲ್‌ನಿಂದಲೇ ಮಾಸ್ಕ್ ಕಡ್ಡಾಯ ಆಗಿತ್ತು. ಒಬ್ಬರು ಬೇಡ ಅನ್ನೋದು, ಇನ್ನೊಬ್ಬರು ಬೇಕೇ ಬೇಕು ಅನ್ನೋದು. ಜನಕ್ಕೆ ನಂಬಿಕೆ ಹೋಗದೆ ಇನ್ನೇನಾಗುತ್ತದೆ? ಡೆನ್ಮಾರ್ಕಿನಲ್ಲಿ ಸುಮಾರು ಆರು ಸಾವಿರ ಜನರ ಮೇಲೆ ಒಂದು ಪ್ರಯೋಗ ಮಾಡಿದರು. ಮಾಸ್ಕ್ ಹಾಕಿ ಅಂತ ಹೇಳಿಸಿಕೊಂಡವರಲ್ಲಿ ಶೇಕಡಾ 1.8 ಜನರಿಗೆ ಸೋಂಕು ಬಂತು, ಉಳಿದವರಲ್ಲಿ 2.1. ಈ ವ್ಯತ್ಯಾಸ ಕಾಕತಾಳೀಯವೂ ಆಗಿರಬಹುದು ಅನ್ನುವಷ್ಟು ಸಣ್ಣದು. ಇದನ್ನೇ ಹಿಡಿದು "ಮಾಸ್ಕ್ ಸುಳ್ಳು" ಅಂದರು. ಆದರೆ ಆ ಪ್ರಯೋಗ ನೋಡಿದ್ದು ಹಾಕಿಕೊಂಡವರಿಗೆ ರಕ್ಷಣೆ ಸಿಗುತ್ತಾ ಅಂತ ಮಾತ್ರ. ಅವರಿಂದ ಪಕ್ಕದವರಿಗೆ ಹರಡುವುದು ಕಡಿಮೆ ಆಗುತ್ತಾ ಅನ್ನುವುದನ್ನು ಅದು ಅಳೆಯಲೇ ಇಲ್ಲ. ಅಂಗಡಿ ನಿಯಮದ ಪ್ರಶ್ನೆ ಇರುವುದೇ ಆ ಎರಡನೆಯದರಲ್ಲಿ.

ಬಾಂಗ್ಲಾದೇಶದಲ್ಲಿ ಇನ್ನೂ ದೊಡ್ಡ ಪ್ರಯೋಗ ನಡೆಯಿತು. 600 ಹಳ್ಳಿ, ಮೂರು ಲಕ್ಷಕ್ಕೂ ಹೆಚ್ಚು ಜನ. ಅರ್ಧ ಹಳ್ಳಿಗಳಲ್ಲಿ ಮಾಸ್ಕ್ ಹಂಚಿ, ಮಾರುಕಟ್ಟೆ ಮಸೀದಿಗಳ ಹತ್ತಿರ ನಿಂತು ಹಾಕಿಕೊಳ್ಳಿ ಅಂತ ಹೇಳಿದರು. ಹಾಕಿಕೊಳ್ಳುವವರು ಶೇಕಡಾ 13ರಿಂದ 42ಕ್ಕೆ ಏರಿದರು. ಅಂದರೆ ಅರ್ಧಕ್ಕಿಂತ ಹೆಚ್ಚು ಜನ ಆಗಲೂ ಹಾಕಿಕೊಂಡಿರಲಿಲ್ಲ. ಅಷ್ಟಕ್ಕೇ ಲಕ್ಷಣ ಕಾಣಿಸಿಕೊಂಡು ರಕ್ತ ಪರೀಕ್ಷೆಯಲ್ಲಿ ಖಚಿತವಾದ ಸೋಂಕು ಸುಮಾರು ಶೇಕಡಾ 9 ಕಡಿಮೆ ಆಯಿತು. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ 11ರಷ್ಟು, ಅಲ್ಲೇ ಅರವತ್ತು ದಾಟಿದವರಲ್ಲಿ 35ರಷ್ಟು. ಬಟ್ಟೆ ಮಾಸ್ಕಿನಲ್ಲಿ ಮಾತ್ರ ಸ್ಪಷ್ಟ ಲಾಭ ಕಾಣಿಸಲಿಲ್ಲ.

2023ರ ಜನವರಿಯಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಇಂಥ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ ನೋಡಿ, ಜನರಿಗೆ ಮಾಸ್ಕ್ ಹಾಕಿ ಅಂತ ಹೇಳುವುದರಿಂದ ಬಹುಶಃ ದೊಡ್ಡ ವ್ಯತ್ಯಾಸ ಆಗುವುದಿಲ್ಲ ಅಂತ ಬರೆಯಿತು. ನೀವು ಕೇಳಿದ್ದು ಬಹುಶಃ ಇದನ್ನೇ. ಎರಡು ತಿಂಗಳಲ್ಲಿ ಆ ಸಂಸ್ಥೆಯ ಮುಖ್ಯ ಸಂಪಾದಕಿಯೇ, ಇದನ್ನು "ಮಾಸ್ಕ್ ಕೆಲಸ ಮಾಡಲ್ಲ" ಅಂತ ಓದಿಕೊಳ್ಳುವುದು ತಪ್ಪು, ಪುರಾವೆ ಯಾವ ಕಡೆಗೂ ಗಟ್ಟಿಯಾಗಿಲ್ಲ ಅಂತ ಸ್ಪಷ್ಟ ಮಾಡಿದರು.

ಇಷ್ಟನ್ನೂ ಇಟ್ಟುಕೊಂಡು ನನ್ನ ಅಭಿಪ್ರಾಯ ಕೇಳಿದರೆ ಇಷ್ಟು. ಮೂಗಿನ ಕೆಳಗೆ ಜೋತು ಬಿದ್ದ ಬಟ್ಟೆ ಮಾಸ್ಕಿಗೆ ಅಂಥ ಬೆಲೆ ಏನಿಲ್ಲ. ಸರಿಯಾಗಿ ಕೂತ ಸರ್ಜಿಕಲ್ ಮಾಸ್ಕ್, ಮುಚ್ಚಿದ ಕೋಣೆಯಲ್ಲಿ, ಸಾಮಾನ್ಯ ಮಟ್ಟದ ಕೆಲಸ ಮಾಡುತ್ತದೆ. ಎನ್-95 ಇನ್ನೂ ಚೆನ್ನಾಗಿ ಮಾಡುತ್ತದೆ. ಯಾವುದೂ ಪೂರ್ತಿ ತಡೆಯುವುದಿಲ್ಲ. ವೈರಸ್ ತೀರಾ ಸಣ್ಣದು, ಬಟ್ಟೆಯ ತೂತು ದೊಡ್ಡದು ಅನ್ನುವ ಮಾತನ್ನೂ ತುಂಬಾ ಜನ ನನಗೆ ಹೇಳಿದ್ದಾರೆ. ವೈರಸ್ ಒಂಟಿಯಾಗಿ ಹಾರುವುದಿಲ್ಲ, ಎಂಜಲಿನ ಹನಿಯಲ್ಲಿ ಕೂತು ಹಾರುತ್ತದೆ. ಸರ್ಜಿಕಲ್ ಮತ್ತು ಎನ್-95 ಮಾಸ್ಕುಗಳ ನಡುವಿನ ಪದರ ಹನಿಗಳನ್ನು ಜರಡಿ ಹಿಡಿದ ಹಾಗೆ ಹಿಡಿಯುವುದಿಲ್ಲ, ಆ ಎಳೆಗಳಲ್ಲಿ ವಿದ್ಯುತ್ ಸೆಳೆತ ಇರುತ್ತದೆ, ಹತ್ತಿರ ಬಂದದ್ದನ್ನು ಅದು ಎಳೆದುಕೊಳ್ಳುತ್ತದೆ. ತೊಳೆದರೆ ಆ ಸೆಳೆತ ಹೋಗುತ್ತದೆ. ಅದಕ್ಕೇ ಅವನ್ನು ಒಗೆದು ಹಾಕಿಕೊಳ್ಳಬೇಡಿ ಅನ್ನುವುದು.

ಅಂದಹಾಗೆ, 2020ರ ಜುಲೈನಲ್ಲಿ ಕೇಂದ್ರ ಆರೋಗ್ಯ ಇಲಾಖೆ ವಾಲ್ವ್ ಇರುವ ಎನ್-95 ಹಾಕಬೇಡಿ ಅಂತ ರಾಜ್ಯಗಳಿಗೆ ಪತ್ರ ಬರೆದಿತ್ತು, ನೆನಪಿದೆಯಾ? ಆ ಮಾಸ್ಕ್ ಹಾಕಿದವರನ್ನು ಚೆನ್ನಾಗಿಯೇ ಕಾಯುತ್ತದೆ. ಆದರೆ ಬಿಟ್ಟ ಉಸಿರು ವಾಲ್ವಿನ ಮೂಲಕ ಸೋಸದೆ ಹೊರಗೆ ಹೋಗುತ್ತದೆ. ಸಾರ್ವಜನಿಕ ಜಾಗದಲ್ಲಿ ಮಾಸ್ಕ್ ಯಾರಿಗಾಗಿ ಅಂತ ಆ ಒಂದು ಪತ್ರದಲ್ಲೇ ಗೊತ್ತಾಗುತ್ತದೆ.

ಕೋರ್ಟಿನ ಮಾತಿಗೆ ಬರೋಣ. ನಾನು ವಕೀಲೆ ಅಲ್ಲ, ಆದರೆ ಈ ತೀರ್ಪಿನ ವಿಚಾರ ನಮ್ಮ ಕೆಲಸಕ್ಕೆ ಬೇಕಾದದ್ದು. 2022ರ ಮೇ 2ರಂದು ಸುಪ್ರೀಂ ಕೋರ್ಟ್, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವ ಹಾಗಿಲ್ಲ, ಸಂವಿಧಾನದ 21ನೇ ವಿಧಿಯಲ್ಲಿ ಮೈಯ ಮೇಲಿನ ಹಕ್ಕೂ ಸೇರಿದೆ ಅಂತ ಹೇಳಿದ್ದು ನಿಜ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಬೇರೆಯವರ ಆರೋಗ್ಯ ಕಾಯುವುದಕ್ಕೆ ಸರ್ಕಾರ ಒಬ್ಬರ ಹಕ್ಕಿನ ಮೇಲೆ ಮಿತಿ ಹಾಕಬಹುದು, ಆದರೆ ಆ ಮಿತಿ ಅಪಾಯಕ್ಕೆ ತಕ್ಕಷ್ಟೇ ಇರಬೇಕು. ಲಸಿಕೆ ಹಾಕಿಸಿಕೊಳ್ಳದವರನ್ನು ಅಲ್ಲಿ ಇಲ್ಲಿ ಬಿಡದೆ ಇದ್ದದ್ದು ಸರಿಯಲ್ಲ ಅಂದದ್ದು ಯಾಕೆ ಗೊತ್ತಾ? ಹಾಕಿಸಿಕೊಂಡವರಿಗಿಂತ ಅವರು ಹೆಚ್ಚು ಹರಡುತ್ತಾರೆ ಅನ್ನುವುದಕ್ಕೆ ಸರ್ಕಾರ ಕೋರ್ಟಿನ ಮುಂದೆ ಪುರಾವೆ ಇಡಲಿಲ್ಲ. ಪಕ್ಕದವರಿಗೆ ಆಗುವ ಅಪಾಯವೇ ಅಲ್ಲಿಯೂ ಅಳತೆಗೋಲು. ಅದೇ ಅಳತೆಯಲ್ಲಿ ಅಂಗಡಿಯ ಮಾಸ್ಕ್ ನೋಡಿ. ಮೈಯೊಳಗೆ ಏನೂ ಹೋಗುವುದಿಲ್ಲ, ಹೊರಗೆ ಬಂದ ತಕ್ಷಣ ತೆಗೆದು ಹಾಕಬಹುದು, ಲಾಭ ಸಣ್ಣದಾದರೂ ಅದು ಸಿಗುವುದು ಪಕ್ಕದವರಿಗೆ. ಲಸಿಕೆಯ ತೀರ್ಪನ್ನು ಹಾಗೇ ಎತ್ತಿ ಮಾಸ್ಕಿಗೆ ಹಾಕಲು ಬರುವುದಿಲ್ಲ.

ಆದರೆ "ತಕ್ಕಷ್ಟೇ" ಅನ್ನುವ ಆ ಮಾತು ನಿಮ್ಮ ಪರವಾಗಿಯೂ ಕೆಲಸ ಮಾಡುತ್ತದೆ. ನಮ್ಮಲ್ಲಿ ಮಾಡಿದ ನಿಯಮಗಳಲ್ಲಿ ತಕ್ಕಷ್ಟು ಇಲ್ಲದವು ಎಷ್ಟೋ ಇದ್ದವು. ದೆಹಲಿಯಲ್ಲಿ ಗಾಜು ಏರಿಸಿದ ಕಾರಿನಲ್ಲಿ ಒಬ್ಬರೇ ಹೋಗುತ್ತಿದ್ದರೂ ದಂಡ ಹಾಕುತ್ತಿದ್ದರು. 2022ರ ಫೆಬ್ರವರಿಯಲ್ಲಿ ಅಲ್ಲಿನ ಹೈಕೋರ್ಟೇ ಇದು ಅಸಂಬದ್ಧ ಅಂದ ಮೇಲೆ ಕೈಬಿಟ್ಟರು. ನಮ್ಮ ರಾಜ್ಯದಲ್ಲಿ 2020ರಲ್ಲಿ ದಂಡವನ್ನು ನಗರಗಳಲ್ಲಿ ಸಾವಿರ ರೂಪಾಯಿಗೆ, ಹಳ್ಳಿಯಲ್ಲಿ ಐನೂರಕ್ಕೆ ಏರಿಸಿದರು. ಜನ ರೇಗಿದ ಮೇಲೆ ಅಕ್ಟೋಬರ್ ಮೊದಲ ವಾರದಲ್ಲೇ 250 ಮತ್ತು 100ಕ್ಕೆ ಇಳಿಸಿದರು. ತೋಟದಿಂದ ಒಬ್ಬನೇ ಬೈಕಿನಲ್ಲಿ ಬರುವವನನ್ನು ತಡೆದು ದಂಡ ಹಾಕಿದರೆ, ಅದೇ ಊರಲ್ಲಿ ಸಾವಿರಾರು ಜನರ ಸಭೆಗೆ ಯಾರೂ ಕೇಳದೆ ಇದ್ದರೆ, ನಿಯಮದ ಮೇಲೆ ಸಿಟ್ಟು ಬರುವುದು ಸಹಜ. ಹಾಗೆ ಸಿಟ್ಟಾದವರನ್ನು ವಿಜ್ಞಾನದ ವಿರೋಧಿ ಅಂತ ಕರೆದವರ ಜೊತೆ ನಾನು ಇಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1918ರ ಫ್ಲೂ ಕಾಲದಲ್ಲೂ ಹೀಗೇ ಆಗಿತ್ತು. ಅಕ್ಟೋಬರ್‌ನಲ್ಲಿ ಮಾಸ್ಕ್ ಕಡ್ಡಾಯ ಮಾಡಿ ನವೆಂಬರ್‌ನಲ್ಲಿ ತೆಗೆದರು. 1919ರ ಜನವರಿಯಲ್ಲಿ ಮತ್ತೆ ಹಾಕಿದಾಗ ಮಾಸ್ಕ್ ವಿರೋಧಿ ಸಂಘವೇ ಹುಟ್ಟಿಕೊಂಡಿತು.

ಅಂಗಡಿಗಳೂ ಎಲ್ಲ ಒಂದೇ ಅಲ್ಲ. ಇದನ್ನು ಆಗ ಯಾರೂ ಯೋಚಿಸಲೇ ಇಲ್ಲ. ನಿಮ್ಮೂರಿನ ದಿನಸಿ ಅಂಗಡಿ ನೆನಪು ಮಾಡಿಕೊಳ್ಳಿ. ಮುಂದೆ ಪೂರ್ತಿ ತೆರೆದಿದೆ, ನೀವು ಮಾಡಿನ ಕೆಳಗೆ ನಿಂತು ಚೀಟಿ ಕೊಡುತ್ತೀರಿ, ಒಳಗಿನವರು ಸಾಮಾನು ಕಟ್ಟಿ ಕೊಡುತ್ತಾರೆ. ಗಾಳಿ ಆಡುತ್ತಲೇ ಇರುತ್ತದೆ. ಅಲ್ಲಿ ಮಾಸ್ಕಿನಿಂದ ಸಿಗುವ ಹೆಚ್ಚುವರಿ ಲಾಭ ತೀರಾ ಕಡಿಮೆ. ಶಿವಮೊಗ್ಗದ ಗಾಂಧಿ ಬಜಾರಿನ ಹಳೆಯ, ಮುಂದೆ ತೆರೆದ ಅಂಗಡಿಗಳಲ್ಲೂ ಜನ ಕಡಿಮೆ ಇದ್ದಾಗ ಹಾಗೇ. ಗಾಜಿನ ಬಾಗಿಲಿನ, ಏಸಿಯ, ಮೂರು ಮಹಡಿಯ ಅಂಗಡಿಗೆ ಹಬ್ಬದ ಹಿಂದಿನ ವಾರ ಜನ ನುಗ್ಗಿದಾಗ ಕಥೆಯೇ ಬೇರೆ. ಒಂದು ಸಲಕ್ಕೆ ಅಂಗಡಿಯೊಳಗೆ ಐದು ಜನರಿಗಿಂತ ಹೆಚ್ಚು ಇರಬಾರದು ಅಂತ 2020ರ ಮೇ ತಿಂಗಳಲ್ಲಿ ಕೇಂದ್ರ ಗೃಹ ಇಲಾಖೆಯೇ ಹೇಳಿತ್ತು. ಕೆಲವೇ ವಾರ ನಡೆಯಿತು, ಆಮೇಲೆ ಕೇಳುವವರಿಲ್ಲ. ಬಾಗಿಲಲ್ಲಿ ನಿಮ್ಮನ್ನು ತಡೆದ ಅಂಗಡಿ ಒಳಗೆ ಎಷ್ಟು ಜನರನ್ನು ತುಂಬಿಕೊಂಡಿತ್ತು? ಒಂದಾದರೂ ಕಿಟಕಿ ತೆರೆದಿತ್ತಾ? ಮುಂದೆ ಅಂಥ ದಿನ ಬಂದರೆ ಈ ಪ್ರಶ್ನೆಯನ್ನು ನೀವು ಧೈರ್ಯವಾಗಿ ಕೇಳಿ. ಗ್ರಾಹಕರ ಮುಖಕ್ಕೆ ಮಾಸ್ಕ್ ಹಾಕಿಸುವುದು ಮಾಲೀಕರಿಗೆ ಖರ್ಚಿಲ್ಲದ ಕೆಲಸ. ಗಾಳಿಗೆ ದಾರಿ ಮಾಡುವುದು, ಜನರನ್ನು ಕಡಿಮೆ ಬಿಡುವುದು ಖರ್ಚಿನ ಕೆಲಸ.

ಮತ್ತೆ, ಇಲ್ಲದೆ ನಡೆಯದ ಅಂಗಡಿಗಳು ಅಂತ ಇವೆ. ನ್ಯಾಯಬೆಲೆ ಅಂಗಡಿ, ಮೆಡಿಕಲ್ ಶಾಪ್, ಹಾಲಿನ ಡೈರಿ. ಪಡಿತರ ಅಕ್ಕಿಗೆ ಬಂದ ಮುದುಕಿಯನ್ನು ಮಾಸ್ಕ್ ಇಲ್ಲ ಅಂತ ವಾಪಸ್ ಕಳಿಸುವುದನ್ನು ನಾನು ಯಾವ ಕಾಲಕ್ಕೂ ಒಪ್ಪುವುದಿಲ್ಲ. ಅಲ್ಲಿ ಒಂದು ಸರ್ಜಿಕಲ್ ಮಾಸ್ಕ್ ಪುಕ್ಕಟೆ ಕೊಡಬೇಕು, ಇಲ್ಲವಾದರೆ ಸಾಮಾನನ್ನು ಹೊರಗೇ ತಂದು ಕೊಡಬೇಕು. ನಿಮ್ಮ ವಿಷಯದಲ್ಲೂ ಅಷ್ಟೇ. ಒಂದು ಕುರ್ಚಿ ಹೊರಗೆ ಹಾಕಿ, "ನೀವು ಇಲ್ಲಿ ಕೂತಿರಿ, ಅಮ್ಮನವರು ಒಳಗೆ ಆರಿಸಲಿ, ನಿಮಗೆ ಬೇಕಾದ ಪಂಚೆ ಶರ್ಟನ್ನು ನಾವೇ ತಂದು ತೋರಿಸುತ್ತೇವೆ" ಅಂದಿದ್ದರೆ ಮುಗಿಯುತ್ತಿತ್ತು. ಇಂಗ್ಲೆಂಡಿನಲ್ಲಿ 2020ರ ಜುಲೈ 24ರಿಂದ ಅಂಗಡಿಗಳಲ್ಲಿ ಮಾಸ್ಕ್ ಕಡ್ಡಾಯ ಮಾಡಿದಾಗ, ಕಾಯಿಲೆಯಿಂದಲೋ ಅಂಗವೈಕಲ್ಯದಿಂದಲೋ ಹಾಕಲಾಗದವರಿಗೆ, ಹಾಕಿದರೆ ವಿಪರೀತ ಗಾಬರಿಯಾಗುವವರಿಗೆ ನಿಯಮದಲ್ಲೇ ವಿನಾಯಿತಿ ಇಟ್ಟರು. ಕಿವಿ ಕೇಳದೆ ತುಟಿ ನೋಡಿ ಮಾತು ತಿಳಿಯುವವರ ಜೊತೆ ಮಾತಾಡುವವರೂ ತೆಗೆಯಬಹುದಿತ್ತು. ನಮ್ಮಲ್ಲಿ ಚಿಕ್ಕ ಮಕ್ಕಳನ್ನು ಬಿಟ್ಟು ಉಳಿದವರ ಬಗ್ಗೆ ಅಂಗಡಿ ಬಾಗಿಲಲ್ಲಿ ನಿಂತ ಹುಡುಗನಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಒಂದೇ, ಮಾಸ್ಕ್ ಇಲ್ಲದವರನ್ನು ಬಿಟ್ಟರೆ ದಂಡ ಬೀಳುತ್ತದೆ, ಮಾಲೀಕರು ಬೈಯುತ್ತಾರೆ. ಅವನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡಿ.

ನಿಯಮಕ್ಕೆ ಕೊನೆಯ ದಿನವೂ ಇರಬೇಕು. ಯಾವಾಗ, ಯಾವ ಪರಿಸ್ಥಿತಿ ಬಂದರೆ ತೆಗೆಯುತ್ತೇವೆ ಅಂತ ಹಾಕುವ ದಿನವೇ ಹೇಳಬೇಕು. ವಿಪತ್ತು ನಿರ್ವಹಣಾ ಕಾಯ್ದೆಯಡಿ ಹೊರಡಿಸಿದ್ದ ಆದೇಶಗಳನ್ನು ಕೇಂದ್ರ ಕೊನೆಗೊಳಿಸಿದ್ದು 2022ರ ಮಾರ್ಚ್ 31ಕ್ಕೆ. ಅಷ್ಟರಲ್ಲಿ ಬಹುಪಾಲು ಜನರಿಗೆ ಲಸಿಕೆ ಆಗಿತ್ತು, ಸೋಂಕೂ ಬಂದು ಹೋಗಿತ್ತು. 2020ರ ಆಗಸ್ಟ್‌ನಲ್ಲಿ ಸರಿ ಇದ್ದ ನಿಯಮ ಅಷ್ಟು ಹೊತ್ತಿಗೆ ಸರಿ ಇರಲಿಲ್ಲ. ಸ್ವಲ್ಪ ಮೊದಲೇ ತೆಗೆಯಬಹುದಿತ್ತು ಅನ್ನುವುದು ನನ್ನ ಅನಿಸಿಕೆ.

ಕೊನೆಗೆ ನಿಮ್ಮ ದಮ್ಮಿನ ವಿಷಯ. ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಚಿಂತೆ ಆಗಿದ್ದು ಇದೇ.

ಸರ್ಜಿಕಲ್ ಮಾಸ್ಕ್ ಹಾಕಿದರೆ ರಕ್ತದಲ್ಲಿ ಆಮ್ಲಜನಕ ಕಡಿಮೆ ಆಗುವುದಿಲ್ಲ. ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಎರಡೂ ಅದರ ಮೂಲಕ, ಪಕ್ಕದ ಸಂದಿಗಳ ಮೂಲಕ ಸಲೀಸಾಗಿ ಓಡಾಡುತ್ತವೆ. ಬೇಕಾದರೆ ಬೆರಳಿಗೆ ಆಕ್ಸಿಮೀಟರ್ ಹಾಕಿಕೊಂಡು ನೀವೇ ನೋಡಬಹುದು. ಆದರೆ ಉಸಿರು ಕಟ್ಟಿದ ಹಾಗೆ ಅನಿಸುವುದು ಸುಳ್ಳಲ್ಲ. ಮೂಗು ಬಾಯಿಯ ಸುತ್ತ ಗಾಳಿ ಬಿಸಿಯಾಗಿ, ತೇವವಾಗಿ ನಿಂತರೆ ಮುಖದ ನರಗಳು ಮೆದುಳಿಗೆ ಗಾಳಿ ಸಾಲುತ್ತಿಲ್ಲ ಅನ್ನುವ ಸುದ್ದಿ ಕಳಿಸುತ್ತವೆ. ದಮ್ಮು ಇರುವವರಿಗೆ ಈ ಅನುಭವ ಇನ್ನೂ ಜೋರು, ಹಿಂದೆ ಉಸಿರು ಸಿಗದೆ ಒದ್ದಾಡಿದ ನೆನಪು ಇರುತ್ತದಲ್ಲ. ನಮ್ಮ ಮಳೆಗಾಲದಲ್ಲಂತೂ ಬಟ್ಟೆ ಮಾಸ್ಕ್ ಒಣಗುವುದೇ ಇಲ್ಲ. ಬಚ್ಚಲ ಒಲೆಯ ಹತ್ತಿರ ಒಣಗಿಸಿದರೆ ಹೊಗೆ ವಾಸನೆ. ಒದ್ದೆ ಮಾಸ್ಕಿನಲ್ಲಿ ಉಸಿರಾಟ ನಿಜವಾಗಿಯೂ ಕಷ್ಟ, ಸೋಸುವ ಕೆಲಸವೂ ಆಗುವುದಿಲ್ಲ. ಆಗಸ್ಟ್ ತಿಂಗಳಲ್ಲಿ ಆಗುಂಬೆ ಕಡೆಯ ಮಳೆಗೆ ಒಂದೇ ಬಟ್ಟೆ ಮಾಸ್ಕ್ ಇಟ್ಟುಕೊಂಡು ಇಡೀ ದಿನ ಹಾಕಿಕೊಳ್ಳಿ ಅಂದರೆ ಯಾರಿಗಾದರೂ ಆಗುತ್ತದಾ? ಮುಂದೆ ಬೇಕಾದರೆ ನಾಲ್ಕೈದು ಸರ್ಜಿಕಲ್ ಮಾಸ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಒಣಗಿರುವ ಹಾಗೆ ಇಟ್ಟುಕೊಳ್ಳಿ, ಒದ್ದೆಯಾದ ತಕ್ಷಣ ಬದಲಾಯಿಸಿ. ಮನೆಯಲ್ಲಿ ಕೂತು ಐದು ನಿಮಿಷ, ಹತ್ತು ನಿಮಿಷ ಹಾಕಿಕೊಂಡು ಅಭ್ಯಾಸ ಮಾಡಿಕೊಂಡರೆ ಗಾಬರಿ ಎಷ್ಟೋ ಕಡಿಮೆಯಾಗುತ್ತದೆ.

ಅಷ್ಟು ಮಾಡಿದರೂ, ಸುಮ್ಮನೆ ಕೂತಾಗಲೂ, ಒಣಗಿದ ಸರ್ಜಿಕಲ್ ಮಾಸ್ಕಿನಲ್ಲಿ ನಿಮಗೆ ಉಸಿರು ಕಟ್ಟುತ್ತದೆ ಅಂದರೆ ನಿಮ್ಮ ದಮ್ಮು ಹತೋಟಿಯಲ್ಲಿ ಇಲ್ಲ ಅಂತ ನನ್ನ ಅನುಮಾನ. ರಾತ್ರಿ ಕೆಮ್ಮಿನಿಂದ, ಗೊರಗೊರ ಸದ್ದಿನಿಂದ ಎಚ್ಚರ ಆಗುತ್ತದಾ? ದಮ್ಮು ಬಂದಾಗ ಎಳೆಯುವ ನೀಲಿ ಪಂಪನ್ನು (ಇನ್ಹೇಲರ್) ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಎಳೆಯುತ್ತೀರಾ? ಗುಡ್ಡ ಹತ್ತುವಾಗ, ತೋಟದಲ್ಲಿ ಬುಟ್ಟಿ ಹೊರುವಾಗ ನಿಂತು ನಿಂತು ಹೋಗುತ್ತೀರಾ? ಹೌದು ಅಂದರೆ ಬರೀ ನೀಲಿ ಪಂಪಿನಲ್ಲಿ ದಿನ ದೂಡಬೇಡಿ. ಅದು ಆ ಹೊತ್ತಿಗೆ ಉಸಿರಿನ ನಾಳವನ್ನು ಸಡಿಲ ಮಾಡುತ್ತದೆ ಅಷ್ಟೇ. ಒಳಗಿನ ಊತ ಇಳಿಸುವುದಕ್ಕೆ ದಿನಾ ಎಳೆಯುವ ಸ್ಟೀರಾಯ್ಡ್ ಇನ್ಹೇಲರ್ ಬೇಕು. ಸ್ಟೀರಾಯ್ಡ್ ಅಂದ ತಕ್ಷಣ ಹೆದರಬೇಡಿ, ಮಾತ್ರೆಗೆ ಹೋಲಿಸಿದರೆ ಪ್ರಮಾಣ ತುಂಬಾ ಕಡಿಮೆ, ಎಳೆದ ಮೇಲೆ ಬಾಯಿ ಮುಕ್ಕಳಿಸಿದರೆ ಆಯಿತು. ಮಳೆಗಾಲದಲ್ಲಿ ಗೋಡೆಗೆ ಹಿಡಿಯುವ ಬೂಸಲು, ಹಳೆ ಹಾಸಿಗೆ, ಅಡಿಕೆ ಬೇಯಿಸುವ ಹೊಗೆ, ಒಣ ಅಡಿಕೆಯ ಧೂಳು, ಇವೆಲ್ಲ ನಿಮ್ಮಂಥವರ ದಮ್ಮನ್ನು ಕೆರಳಿಸುತ್ತವೆ. ಶಿವಮೊಗ್ಗಕ್ಕೆ ಬಂದಾಗ ಎದೆರೋಗದ ಡಾಕ್ಟರ ಹತ್ತಿರ ಒಂದು ಸ್ಪೈರೋಮೆಟ್ರಿ ಮಾಡಿಸಿ. ಕೊಳವೆಗೆ ಜೋರಾಗಿ ಊದುವ ಪರೀಕ್ಷೆ, ನೋವಿಲ್ಲ. ಈಗ ಬಳಸುತ್ತಿರುವ ಪಂಪ್, ಮಾತ್ರೆ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಪಂಪ್ ಎಳೆಯುವುದು ಹೇಗೆ ಅಂತ ಅವರ ಎದುರೇ ಮಾಡಿ ತೋರಿಸಿ. ಮಳೆ ಹಿಡಿಯುವ ಮೊದಲೇ ಹೋಗಿ ಬನ್ನಿ.